ಅಪ್ಪನ ಕ್ಲಿಕ್-3ರ ಒಳಗೆ ಇನ್ನೂ ರೋಲ್ ಇದೆ, ಏನು ಮಾಡಲಿ?

ಕ್ಯಾತ್ಸಂದ್ರದವನು
ಹಳೆಯ ಮನೆಯ ಅಟ್ಟ ಖಾಲಿ ಮಾಡುತ್ತಿದ್ದಾಗ ಅಪ್ಪನ ಆಗ್ಫಾ ಕ್ಲಿಕ್-3 ಕ್ಯಾಮೆರಾ ಸಿಕ್ಕಿತು. ಚರ್ಮದ ಚೀಲದ ಗುಂಡಿಗೆ ತುಕ್ಕು ಹಿಡಿದಿದೆ, ಕ್ಯಾಮೆರಾ ಮಾತ್ರ ಗಟ್ಟಿಯಾಗಿದೆ. ಬೆನ್ನಿನ ಮೇಲಿರುವ ಕೆಂಪು ಕಿಟಕಿಗೆ ಕಣ್ಣಿಟ್ಟರೆ 8 ಎಂಬ ಅಂಕಿ ಕಾಣುತ್ತದೆ. ಅಂದರೆ ರೋಲ್ ಒಳಗೇ ಉಳಿದಿದೆ.

ಇದು 1984ರ ಸಿದ್ಧಗಂಗೆಯ ದನಗಳ ಜಾತ್ರೆಗೆ ಹಾಕಿದ ರೋಲ್. ಈ ವಿಷಯದಲ್ಲಿ ಮನೆಯವರಿಗೆಲ್ಲ ಒಮ್ಮತವಿದೆ. ತಕರಾರಿರುವುದು ಬೇರೆ. ನನಗಾಗ ಏಳು ವರ್ಷ. ಹೊಸ ಅಂಗಿ ತೊಟ್ಟ ನನ್ನನ್ನು ಅಪ್ಪ ಒಂದು ಜೋಡಿ ಎತ್ತಿನ ಮುಂದೆ ನಿಲ್ಲಿಸಿ, ಕೈಗೆ ಹಗ್ಗ ಕೊಟ್ಟು, "ಉಸಿರು ಬಿಡಬೇಡ" ಎಂದು ಫೋಟೊ ತೆಗೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣನ ಪ್ರಕಾರ ಹಗ್ಗ ಹಿಡಿದವನು ಅವನು. ನಾನು ಆ ಹೊತ್ತಿನಲ್ಲಿ ಬೆಂಡು ಬತ್ತಾಸಿನ ಅಂಗಡಿಯ ಮುಂದೆ ಅಮ್ಮನ ಸೆರಗು ಹಿಡಿದು ಅಳುತ್ತಿದ್ದೆನಂತೆ. ನಲವತ್ತು ವರ್ಷಗಳಿಂದ ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ ಜಗಳ.

ಉಳಿದ ಫೋಟೊಗಳನ್ನು ಅಕ್ಕನ ಮದುವೆಗೆಂದು ಎತ್ತಿಟ್ಟಿದ್ದರು. ಮದುವೆಗೆ ಸ್ಟುಡಿಯೊದವರನ್ನೇ ಕರೆಸಿದ್ದರಿಂದ ಕ್ಯಾಮೆರಾ ಅಟ್ಟ ಸೇರಿತು. ಈಗ ಇದನ್ನು ತೆರೆಯಬಹುದೇ? ಏನಾದರೂ ಉಳಿದಿರುತ್ತದೆಯೇ? ಹಾಗೆಯೇ ನಿಮ್ಮ ಮೊದಲ ಕ್ಯಾಮೆರಾದ ಕಥೆಯನ್ನೂ ಹೇಳಿ.

ಹೈಪೋ ಹುಚ್ಚ
ತೆರೆಯಬೇಡಿ! ಮೊದಲು ಆ ಕೆಂಪು ಕಿಟಕಿಗೆ ಕಪ್ಪು ಟೇಪ್ ಅಂಟಿಸಿ, ಆಮೇಲೆ ಉಳಿದ ಮಾತು.

ಶಿರಾ ರಸ್ತೆ
ಕಿಟಕಿಗೆ ಟೇಪ್ ಏಕೆ? ಕೆಂಪು ಬೆಳಕಿನಿಂದ ಫಿಲ್ಮ್ ಹಾಳಾಗುವುದಿಲ್ಲ. ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಉರಿಯುತ್ತಿದ್ದದ್ದು ಕೆಂಪು ದೀಪವೇ ಅಲ್ಲವೇ?

ಹೈಪೋ ಹುಚ್ಚ
ಅದು ಪ್ರಿಂಟ್ ಹಾಕುವ ಕಾಗದಕ್ಕೆ, ಫಿಲ್ಮ್‌ಗೆ ಅಲ್ಲ. ಆ ಕಾಗದಕ್ಕೆ ಕೆಂಪು ಕಾಣುವುದಿಲ್ಲ. ಬಹಳ ಹಿಂದಿನ ಫಿಲ್ಮ್‌ಗಳೂ ಹಾಗೆಯೇ ಇದ್ದವು, ಅದಕ್ಕೇ ಕಿಟಕಿಗೆ ಕೆಂಪು ಗಾಜು ಇಡುವ ರೂಢಿ ಬಂತು. ಆಮೇಲೆ ಬಂದ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್‌ಗೆ ಎಲ್ಲ ಬಣ್ಣಗಳೂ ತಾಗುತ್ತವೆ. ಹಿಂದಿರುವ ಕಪ್ಪು ಕಾಗದ ಕಾಪಾಡುತ್ತದೆ ನಿಜ, ಆದರೆ ನಲವತ್ತು ವರ್ಷ ಕಾಪಾಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಕ್ಯಾಮೆರಾ ಚರ್ಮದ ಚೀಲದೊಳಗಿದ್ದದ್ದು ನಿಮ್ಮ ಪುಣ್ಯ.

ಮಾಡಬೇಕಾದದ್ದು ಇಷ್ಟು. ರಾತ್ರಿ, ದೀಪ ಆರಿಸಿದ ಕೋಣೆಯಲ್ಲಿ, ಮೇಲಿನ ತಿರುಗಣೆಯನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ಒಣಗಿದ ಕಾಗದ ಹರಿಯಬಹುದು, ಅವಸರ ಬೇಡ. 12 ದಾಟಿದ ಮೇಲೆ ಬಿಗಿ ಹೋಗಿ ಸಲೀಸಾಗಿ ತಿರುಗುತ್ತದೆ. ಆಗ ಕತ್ತಲೆಯಲ್ಲಿಯೇ ತೆಗೆದು, ಕಾಗದ ಬಿಚ್ಚಿಕೊಳ್ಳದಂತೆ ಅಂಟಿಸಿ, ಬೆಳಕು ತಾಗದ ಡಬ್ಬಿಗೆ ಹಾಕಿ. ನಾನು ತುಮಕೂರಿನಲ್ಲಿಯೇ ಇದ್ದೇನೆ, ತೊಳೆದು ಕೊಡುತ್ತೇನೆ. ಭರವಸೆ ಮಾತ್ರ ಕೊಡಲಾರೆ.

ಗಣಿ ಕಾಲೊನಿ ಹುಡುಗಿ
ನಮ್ಮದು ಕೆಜಿಎಫ್. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಊರು ಬಿಟ್ಟು ಹೋಗುತ್ತಿದ್ದ ಇಂಗ್ಲಿಷ್ ಕುಟುಂಬವೊಂದು ಅವರಿಗೆ ಕೊಟ್ಟು ಹೋದ ಕೊಡಕ್ ಬ್ರೌನಿ ಪೆಟ್ಟಿಗೆ ಕ್ಯಾಮೆರಾ ನಮ್ಮ ಮನೆಯಲ್ಲಿತ್ತು. ಹೆಸರಿಗೆ ತಕ್ಕಂತೆ ಪೆಟ್ಟಿಗೆಯೇ: ರಟ್ಟಿನ ಡಬ್ಬ, ಮುಂದೆ ಒಂದು ಕಣ್ಣು. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅದರಲ್ಲಿ ಎಡ ಬಲವೆಲ್ಲ ಅದಲುಬದಲು. ತಾತ ನಮ್ಮನ್ನು ಬಲಕ್ಕೆ ಸರಿಯಿರಿ ಎನ್ನುವುದು, ನಾವು ಸರಿದರೆ ಚೌಕದಿಂದಲೇ ಹೊರಗೆ ಹೋಗುವುದು, ಅವರು ರೇಗುವುದು, ಇದೇ ಅರ್ಧ ಗಂಟೆ.

ಅವರಿಗೆ ಮೆಚ್ಚಿನ ಜಾಗ ಸೈನೈಡ್ ದಿಬ್ಬ. ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣನ್ನು ಸುರಿದು ಸುರಿದು ಆದ ಗುಡ್ಡಗಳು ಅವು. ಮಧ್ಯಾಹ್ನದ ಬಿಸಿಲಿನಲ್ಲಿ ಕಪ್ಪು ಬಿಳುಪು ಫಿಲ್ಮ್‌ಗೆ ಅದು ಹಿಮದಂತೆ ಬೀಳುತ್ತಿತ್ತು. ಅಮ್ಮನ ಹಳೆಯ ಸ್ವೆಟರ್‌ಗಳನ್ನು ನಮಗೆ ತೊಡಿಸಿ, ಏಪ್ರಿಲ್ ಬೇಸಿಗೆಯಲ್ಲಿ ಬೆವರು ಸುರಿಸುತ್ತಾ ನಿಲ್ಲಿಸಿ, "ಕಾಶ್ಮೀರ ಪ್ರವಾಸ" ಎಂದು ಹಿಂದೆ ಬರೆದು ಮುಳಬಾಗಿಲಿನ ನೆಂಟರಿಗೆ ಕಳುಹಿಸಿದ್ದರು. ಬಹಳ ದಿನ ಅವರು ನಂಬಿದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ನಾವೆಲ್ಲ ಚದುರಿದೆವು. ಬ್ರೌನಿ ಯಾವ ಮನೆ ಸೇರಿತೋ.

ಕಲ್ಪತರು
ಸ್ವೆಟರ್ ತೊಟ್ಟ ಆ ಫೋಟೊ ಇದ್ದರೆ ದಯವಿಟ್ಟು ಹಾಕಿ ಮೇಡಂ.

ಗಣಿ ಕಾಲೊನಿ ಹುಡುಗಿ
ಅದು ಮುಳಬಾಗಿಲಿನವರ ಬಳಿ ಇದೆ. ವಿಷಯ ಗೊತ್ತಾದ ಮೇಲೆ ಅವರು ಕೊಡುತ್ತಿಲ್ಲ.

ಸ್ಟುಡಿಯೊ ಹುಡುಗ
ಬೇಸಿಗೆ ರಜೆಯಲ್ಲಿ ಮಧುಗಿರಿಯ ಒಂದು ಸ್ಟುಡಿಯೊದಲ್ಲಿ ಕೆಲಸಕ್ಕಿದ್ದೆ. ಆಗ ಎಂಟನೆಯ ತರಗತಿ. ಮೊದಲ ಎರಡು ವಾರ ಬರೀ ನೀರು ಹೊತ್ತದ್ದು, ಪರದೆಯ ಧೂಳು ಕೊಡವಿದ್ದು. ಪರದೆಯ ಮೇಲೆ ಒಂದು ಕೊಳ, ಎರಡು ಹಂಸ, ಎಲ್ಲಿಗೂ ಹೋಗದ ಮೆಟ್ಟಿಲು. ಮೂರನೆಯ ವಾರ ಕತ್ತಲೆ ಕೋಣೆಗೆ ಬಿಟ್ಟರು.

ಕೆಂಪು ದೀಪದ ಕೆಳಗೆ ಮೂರು ತಟ್ಟೆಗಳು. ಮೊದಲನೆಯದು ಚಿತ್ರ ಮೂಡಿಸುವ ಡೆವಲಪರ್, ಎರಡನೆಯದು ನೀರು, ಮೂರನೆಯದು ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋ. ಖಾಲಿ ಕಾಗದವನ್ನು ಮೊದಲ ತಟ್ಟೆಗೆ ಇಳಿಸಿ ತಟ್ಟೆಯ ಒಂದು ತುದಿಯನ್ನು ಎತ್ತಿ ಇಳಿಸುತ್ತಿರಬೇಕು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೊದಲು ಬರುವುದು ಕೂದಲು. ನಂತರ ಹುಬ್ಬು, ಕಣ್ಣು ಗುಡ್ಡೆ, ಕೋಟಿನ ಕಪ್ಪು. ಮುಖ ಕಡೆಗೆ. ಅಂದರೆ ಮುಖವಿಲ್ಲದೆ ಬರೀ ಹುಬ್ಬು ಕಣ್ಣುಗಳು ನೀರಿನಲ್ಲಿ ತೇಲುವ ಒಂದು ಗಳಿಗೆ ಇರುತ್ತದೆ. ಮೊದಲ ಸಲ ಅದನ್ನು ನೋಡಿ ತಟ್ಟೆ ಬಿಟ್ಟುಬಿಟ್ಟೆ. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರ ಪಾಸ್‌ಪೋರ್ಟ್ ಅಳತೆಯ ಎಂಟು ಪ್ರತಿಗಳು ನೆಲಕ್ಕೆ ಬಿದ್ದವು, ನನಗೆ ಎರಡು ಏಟು ಬಿದ್ದವು.

ಹೈಪೋ ವಾಸನೆ ಅಂಗಿಯಿಂದ ಹೋಗುತ್ತಿರಲಿಲ್ಲ. ಬಳಸಿದ ಹೈಪೋ ನೀರನ್ನು ಚೆಲ್ಲುವಂತೆಯೂ ಇರಲಿಲ್ಲ. ಫಿಲ್ಮ್‌ನ ಬೆಳ್ಳಿ ಅದರಲ್ಲಿ ಕರಗಿರುತ್ತದೆ, ಅದನ್ನು ಕೊಳ್ಳಲು ಕ್ಯಾನ್ ಹಿಡಿದು ಒಬ್ಬರು ಬರುತ್ತಿದ್ದರು. ಊರಿನವರ ಮುಖದಿಂದ ಬೆಳ್ಳಿ ತೆಗೆಯುತ್ತಾರೆ ಎಂದು ನಾನು ಶಾಲೆಯಲ್ಲಿ ಸುದ್ದಿ ಹಬ್ಬಿಸಿದ್ದೆ.

ಶಿರಾ ರಸ್ತೆ
ಕಡೆಯ ಮಾತು ಅರ್ಧ ಮಾತ್ರ ಸರಿ! ಮುಖದ ನೆಗೆಟಿವ್ ಗಟ್ಟಿ ಕಪ್ಪಾಗಿರುತ್ತದೆ, ಅಲ್ಲಿ ಬೆಳ್ಳಿ ಉಳಿದುಬಿಡುತ್ತದೆ. ಹೈಪೋಗೆ ಕರಗುವುದು ಬೆಳಕು ಬೀಳದ ಜಾಗದ ಬೆಳ್ಳಿ. ಹಾಗಾಗಿ ಕೂದಲಿನಿಂದ ತೆಗೆಯುತ್ತಾರೆ ಎನ್ನಬೇಕಿತ್ತು.

ಸ್ಟುಡಿಯೊ ಹುಡುಗ
ನಲವತ್ತು ವರ್ಷದ ಮೇಲೆ ತಿದ್ದುಪಡಿ ಬಂತು. ಶಾಲೆಗೆ ತಿಳಿಸುತ್ತೇನೆ.

ರೇಷ್ಮೆ ಗೂಡು
ನನ್ನ ಮೊದಲ ಕ್ಯಾಮೆರಾ ನಮ್ಮ ಮನೆಯೇ. ತಮಾಷೆಯಲ್ಲ. ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು, ಹುಳು ಸಾಕುವ ಮನೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟ ಮೇಲೆ ಕಿಟಕಿಗಳಿಗೆ ಗೋಣಿ ಕಟ್ಟಿ ಮಬ್ಬು ಮಾಡುತ್ತಿದ್ದೆವು. ಹತ್ತು ವರ್ಷದವನಾಗಿದ್ದಾಗ ಒಂದು ಮಧ್ಯಾಹ್ನ ಒಳಗೆ ಹೋದರೆ ಸುಣ್ಣದ ಗೋಡೆಯ ಮೇಲೆ ಎದುರು ಮನೆಯ ಎಮ್ಮೆ ತಲೆಕೆಳಗಾಗಿ ನಿಂತಿದೆ. ಬಾಲ ಬೀಸುತ್ತಿದೆ. ಬಣ್ಣವೂ ಇದೆ. ಹೆದರಿ ಅಜ್ಜಿಯನ್ನು ಕರೆದೆ. ಅಜ್ಜಿ ನೋಡಿ, "ಗೋಣಿ ತೂತಾಗಿದೆ, ಹೊಲಿಯಬೇಕು" ಎಂದಷ್ಟೇ ಹೇಳಿ ಹೋದಳು.

ಹೊಲಿಯಲು ನಾನು ಬಿಡಲಿಲ್ಲ. ತೂತಿಗೆ ಬೆರಳು ಅಡ್ಡ ಹಿಡಿದರೆ ಎಮ್ಮೆ ಮಾಯ, ತೆಗೆದರೆ ಹಾಜರು. ಆ ಬೆಳೆ ಗೂಡು ಕಟ್ಟಿ ಮುಗಿಯುವವರೆಗೂ ನನಗೆ ಅದೇ ಸಿನಿಮಾ.

ನಿವೃತ್ತ ಮೇಷ್ಟ್ರು
ಬಹಳ ಸೊಗಸಾಗಿ ಹೇಳಿದಿರಿ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದೂ ಇದೇ ಕಾರಣದಿಂದ. ಬೆಳಕು ನೇರವಾಗಿ ಚಲಿಸುತ್ತದೆ. ಮೇಲಿನಿಂದ ಬಂದದ್ದು ತೂತು ದಾಟಿ ಕೆಳಗೆ ಬೀಳುತ್ತದೆ, ಕೆಳಗಿನದು ಮೇಲಕ್ಕೆ. ತೂತು ಕಿರಿದಾದಷ್ಟು ಚಿತ್ರ ಸ್ಪಷ್ಟ, ಆದರೆ ಮಂಕು. ಲೆನ್ಸ್ ಬಂದದ್ದು ಈ ಮಂಕು ನೀಗಿಸಲು.

1980ರ ಫೆಬ್ರವರಿ 16ರ ಸೂರ್ಯಗ್ರಹಣ ನೆನಪಿರುವವರು ಇದ್ದೀರಾ? ಕಾರವಾರ, ಹುಬ್ಬಳ್ಳಿ, ರಾಯಚೂರು ಕಡೆ ಪೂರ್ಣ ಗ್ರಹಣ, ನಮಗೆ ಪಾರ್ಶ್ವ. ಗುಬ್ಬಿಯಲ್ಲಿ ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದವು, ಬಾಗಿಲು ಹಾಕಿಕೊಂಡವರೇ ಹೆಚ್ಚು. ನಾನು ನಾಲ್ಕು ಹುಡುಗರನ್ನು ಕಟ್ಟಿಕೊಂಡು ಹೊಂಗೆ ಮರದ ಕೆಳಗೆ ನಿಂತೆ. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಕಾಸುಗಳು ಒಂದೊಂದೂ ಕುಡುಗೋಲಿನ ಆಕಾರಕ್ಕೆ ತಿರುಗಿದವು. ನೆಲದ ತುಂಬ ನೂರಾರು ಕುಡುಗೋಲುಗಳು. ಹುಡುಗರ ಮನೆಯವರು ಮರುದಿನ ಜಗಳಕ್ಕೆ ಬಂದರು, ಅದು ಬೇರೆ ಮಾತು.

ಕಲ್ಪತರು
ನಾವು ಆ ಗ್ರಹಣವನ್ನು ಹಳೆಯ ನೆಗೆಟಿವ್ ಹಿಡಿದು ನೋಡಿದ್ದೆವು.

ನಿವೃತ್ತ ಮೇಷ್ಟ್ರು
ಹಾಗೆ ನೋಡಲೇಬಾರದಿತ್ತು. ಚಿತ್ರವಿರುವ ನೆಗೆಟಿವ್‌ನಲ್ಲಿ ತಿಳಿಯಾದ ಜಾಗಗಳಿರುತ್ತವೆ, ಕಣ್ಣು ಹೋಗುತ್ತದೆ. ಬಣ್ಣದ ಫಿಲ್ಮ್ ಇನ್ನೂ ಅಪಾಯ, ಅದರಲ್ಲಿ ತಡೆಯಲು ಬೆಳ್ಳಿಯೇ ಉಳಿದಿರುವುದಿಲ್ಲ. ಮಕ್ಕಳಿಗೆ ಈಗ ಇದನ್ನು ಹೇಳಿಕೊಡಬೇಡಿ.

ಚಿಂತಾಮಣಿ ಸೊಸೆ
ಇಲ್ಲಿಯವರೆಗೆ ಓದಿದ್ದರಲ್ಲಿ ಕ್ಯಾಮೆರಾ ಎಲ್ಲ ಅಪ್ಪ, ತಾತ, ಅಣ್ಣಂದಿರ ಕೈಯಲ್ಲೇ ಇದೆ, ಗಮನಿಸಿದಿರಾ? ನಮ್ಮ ಮನೆಯಲ್ಲಿಯೂ ಅಷ್ಟೇ. ತೊಂಬತ್ತರ ದಶಕದಲ್ಲಿ ಅಣ್ಣನಿಗೆ ಕೊಡಕ್ ಕೆಬಿ-10 ಬಂತು. ನನಗೆ ಹಿಡಿದುಕೊಳ್ಳುವ ಹಕ್ಕು ಮಾತ್ರ, ಒತ್ತುವ ಹಕ್ಕಿಲ್ಲ. "ಒಂದು ಒತ್ತಿದರೆ ಎಷ್ಟು ಖರ್ಚು ಗೊತ್ತೇ" ಎಂಬ ಮಾತು ಬೇರೆ.

ಒಂದು ದಿನ ಅಣ್ಣ ಸ್ನಾನಕ್ಕೆ ಹೋಗಿದ್ದಾಗ, ಹಿತ್ತಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ ಅಜ್ಜಿಯ ಫೋಟೊವೊಂದನ್ನು ತೆಗೆದೆ. ಅಜ್ಜಿಗೆ ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಭಯವಿತ್ತು. ಆದ್ದರಿಂದ ಅವಳಿಗೂ ಹೇಳಲಿಲ್ಲ. 36 ಪ್ರಿಂಟ್‌ಗಳು ಬಂದಾಗ ಅಪ್ಪ ಅದನ್ನು ಎತ್ತಿ ಹಿಡಿದು, ರೋಲ್ ದಂಡ ಮಾಡಿದವರು ಯಾರು ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ.

ಅಜ್ಜಿ ಹೋದ ಮೇಲೆ ಹುಡುಕಿದರೆ ಅವಳದೆಂದು ಇದ್ದದ್ದು ಅದೊಂದೇ. ದೊಡ್ಡದು ಮಾಡಿಸಲು ಕೊಟ್ಟರು. ಸ್ಟುಡಿಯೊದವನು ಒರಳು, ಹಿತ್ತಲು, ಬೋಗುಣಿ ಎಲ್ಲವನ್ನೂ ಅಳಿಸಿ ಹಿಂದೆ ನೀಲಿ ಪರದೆ ಹಾಕಿಕೊಟ್ಟ. ಈಗ ಗೋಡೆಯ ಮೇಲಿನ ಅಜ್ಜಿ ನೀಲಿ ಪರದೆಯ ಮುಂದೆ ಕುಳಿತಿದ್ದಾಳೆ. ಬಲಗೈ ಮಾತ್ರ ಇನ್ನೂ ಒರಳುಗುಂಡಿನ ಮೇಲಿದ್ದ ಹಾಗೆಯೇ ಬಾಗಿದೆ. ಬಂದವರು ಅಜ್ಜಿ ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಗಣಿ ಕಾಲೊನಿ ಹುಡುಗಿ
ನೆಗೆಟಿವ್ ಇದೆಯೇ? ಇದ್ದರೆ ಒರಳು ವಾಪಸ್ ಬರುತ್ತದೆ.

ಚಿಂತಾಮಣಿ ಸೊಸೆ
ಅಣ್ಣನ ಬಳಿ ಇದೆ. ಕೇಳಬೇಕೆಂದರೆ ತೆಗೆದವಳು ನಾನು ಎಂದು ಮೊದಲು ಒಪ್ಪಿಕೊಳ್ಳಬೇಕು.

ನಂದಿ ತಪ್ಪಲು
ಹತ್ತನೆಯ ತರಗತಿಯ ಪ್ರವಾಸ, ನಂದಿ ಬೆಟ್ಟ. ಚಿಕ್ಕಬಳ್ಳಾಪುರದಿಂದ ಕೈಗೆಟುಕುವಷ್ಟು ಹತ್ತಿರವಿದ್ದರೂ ಅದೇ ಪ್ರವಾಸ. ಮಾವನ ಯಾಶಿಕಾ ಎಂಎಫ್-2 ತಂದಿದ್ದೆ, ಇಡೀ ಶಾಲೆಗೆ ನಾನೇ ಛಾಯಾಗ್ರಾಹಕ. ಟಿಪ್ಪು ಡ್ರಾಪ್, ಅಮೃತ ಸರೋವರ, ಮೇಷ್ಟ್ರು ಕಡಲೆಕಾಯಿ ತಿನ್ನುತ್ತಿರುವುದು, ಎಲ್ಲ ತೆಗೆದೆ. ಎಣಿಕೆ 36 ದಾಟಿತು. 37, 38, 39... ಅದೃಷ್ಟವೆಂದುಕೊಂಡೆ. 42ರ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಫಿಲ್ಮ್‌ನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿಯೇ ಇರಲಿಲ್ಲ. ಇಡೀ ರೋಲ್ ಡಬ್ಬಿಯಲ್ಲಿ ಸುಖವಾಗಿ ಮಲಗಿತ್ತು. ಮುಂಗಡ ಎರಡೆರಡು ರೂಪಾಯಿ ಕೊಟ್ಟಿದ್ದ ಹುಡುಗರಿಗೆ ಪರೀಕ್ಷೆ ಮುಗಿಯುವವರೆಗೂ ಮುಖ ತೋರಿಸಲಿಲ್ಲ.

ಹೈಪೋ ಹುಚ್ಚ
ರೋಲ್ ಹಾಕಿದ ಮೇಲೆ ಮುಂದಕ್ಕೆ ಎಳೆಯುವಾಗ ಎಡಗಡೆಯ, ಫಿಲ್ಮ್ ಹಿಂದಕ್ಕೆ ಸುತ್ತುವ ಗುಬಟು ತಾನೂ ತಿರುಗುತ್ತಿದೆಯೇ ನೋಡಬೇಕಿತ್ತು. ಪ್ರತಿಯೊಬ್ಬರೂ ಜೀವನದಲ್ಲಿ ಒಂದು ಸಲ ಹೀಗೆ ಕಲಿತವರೇ.

ನಂದಿ ತಪ್ಪಲು
ನಾನು ಎರಡು ಸಲ.

ಎರಡು ಸಾವಿರದವನು
ಕ್ಷಮಿಸಿ, ನಾನು 2003ರಲ್ಲಿ ಹುಟ್ಟಿದವನು. ಓದಲು ಚೆನ್ನಾಗಿದೆ, ಆದರೆ ಇದರಲ್ಲಿ ಅರ್ಧ ಕಥೆಗಳು ಫೋಟೊ ಬರದೇ ಇದ್ದದ್ದರ ಬಗ್ಗೆ ಇವೆ. ನಾನು ಕೈದಾಳದ ಚೆನ್ನಕೇಶವ ದೇವಸ್ಥಾನಕ್ಕೆ ಹೋದರೆ ಮೊಬೈಲ್‌ನಲ್ಲಿ 300 ತೆಗೆದು ಬರುತ್ತೇನೆ. ಒಂದೂ ಹಾಳಾಗುವುದಿಲ್ಲ.

ಸ್ಟುಡಿಯೊ ಹುಡುಗ
ಆ 300ರಲ್ಲಿ ಎಷ್ಟನ್ನು ಎರಡನೆಯ ಸಲ ನೋಡಿದ್ದೀರಿ?

ಎರಡು ಸಾವಿರದವನು
ಎಲ್ಲರೂ ಇದನ್ನೇ ಕೇಳುತ್ತೀರಿ. ನಿಮ್ಮ ಆಲ್ಬಮ್‌ಗಳನ್ನು ಗೆದ್ದಲು ತಿಂದದ್ದನ್ನು ಯಾರೂ ಹೇಳುವುದಿಲ್ಲ.

ಕಲ್ಪತರು
ಹುಡುಗ ಹೇಳಿದ್ದರಲ್ಲಿ ಸತ್ಯವಿದೆ. ತಿಪಟೂರಿನ ನಮ್ಮ ಮನೆಯ ಆಲ್ಬಮ್ ಗೆದ್ದಲಿಗೆ ಹೋಯಿತು. ಉಳಿದದ್ದು ಫಿಲ್ಮ್ ಡಬ್ಬಿಗಳು. ಕರಿ ಡಬ್ಬಿ, ಬೂದು ಮುಚ್ಚಳ. ಅಮ್ಮನಿಗೆ ಏಲಕ್ಕಿ ಇಡಲು, ಅಜ್ಜಿಗೆ ಎಲೆ ಅಡಿಕೆಯ ಸುಣ್ಣಕ್ಕೆ. ಅಜ್ಜಿ ಅದನ್ನು ಕೊನೆಯವರೆಗೂ "ಕೊಡಕ್ಕು" ಎಂದೇ ಕರೆಯುತ್ತಿದ್ದಳು. "ಕೊಡಕ್ಕು ಎಲ್ಲಿಟ್ಟೆ" ಎಂದರೆ ಸುಣ್ಣ ಕೊಡು ಎಂದರ್ಥ.

ಶಿರಾ ರಸ್ತೆ
ಮೂಲ ವಿಷಯಕ್ಕೆ ಬರೋಣ. ಕ್ಯಾತ್ಸಂದ್ರದವರೇ, ರೋಲ್ ಏನಾಯಿತು?

ಕ್ಯಾತ್ಸಂದ್ರದವನು
ಹೇಳಿಕೊಟ್ಟಂತೆ ಮಾಡಿದೆ. ಸ್ನಾನದ ಮನೆಯ ಬಾಗಿಲ ಸಂದಿಗೆ ಕಂಬಳಿ ತುರುಕಿ, ಅಣ್ಣನನ್ನು ಹೊರಗೆ ಕಾವಲಿಗೆ ನಿಲ್ಲಿಸಿ ತೆಗೆದೆ. ಅವನು ಎರಡು ಸಲ "ಆಯಿತೇ" ಎಂದು ಬಾಗಿಲು ತಳ್ಳಿದ. ಬೇಕೆಂದೇ ಮಾಡಿದನೆಂದು ನನ್ನ ಅನುಮಾನ. ರೋಲ್ ಈಗ ಹೈಪೋ ಹುಚ್ಚ ಅವರ ಬಳಿ ಇದೆ. ಸುತ್ತಿದ ಕಾಗದದ ಮೇಲೆ "ಇಂದು" ಎಂದು ಅಚ್ಚಾಗಿತ್ತು.

ನಿವೃತ್ತ ಮೇಷ್ಟ್ರು
ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯದು. 1960ರಲ್ಲಿ ಸರ್ಕಾರ ಶುರು ಮಾಡಿದ್ದು, 1967ರಿಂದ ಫಿಲ್ಮ್ ಬರತೊಡಗಿತು. ಇಂದು ಎಂದರೆ ಚಂದ್ರ. ನಮ್ಮ ಹುಡುಗರು ಮಾತ್ರ "ಇಂದು ತೆಗೆದರೆ ಮುಂದಿನ ತಿಂಗಳು ಬರುತ್ತದೆ" ಎಂದು ಆಡಿಕೊಳ್ಳುತ್ತಿದ್ದರು.

ಸ್ಟುಡಿಯೊ ಹುಡುಗ
ಇವರ ವಿಷಯದಲ್ಲಿ ಮುಂದಿನ ಶತಮಾನವಾಯಿತು.

ಹೈಪೋ ಹುಚ್ಚ
ನಿನ್ನೆ ರಾತ್ರಿ ತೊಳೆದೆ. ನಮ್ಮ ಅಡುಗೆ ಮನೆಯಲ್ಲಿ ನೀರು 28 ಡಿಗ್ರಿ ಇತ್ತು, ಐಸ್ ಹಾಕಿ 20ಕ್ಕೆ ಇಳಿಸಿದೆ. ಹಳೆಯ ಫಿಲ್ಮ್ ತಾನಾಗಿಯೇ ಮಸಿ ಹಿಡಿಯುತ್ತದೆ, ಅದನ್ನು ತಡೆಯಲು ಡೆವಲಪರ್‌ಗೆ ಚಿಟಿಕೆ ಪೊಟಾಷಿಯಂ ಬ್ರೋಮೈಡ್. ನಲವತ್ತು ವರ್ಷ ಸುರುಳಿಯಾಗಿದ್ದ ಫಿಲ್ಮ್ ಹಾವಿನಂತೆ ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಕತ್ತಲೆಯಲ್ಲಿ ಅದನ್ನು ಸ್ಪೂಲಿಗೆ ಏರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೆಂಡತಿ ಹೊರಗಿನಿಂದ, ಮೊಸರಿಗೆ ಹೆಪ್ಪು ಹಾಕುವುದಿದೆ, ಬಾಗಿಲು ತೆಗೆಯಿರಿ ಎನ್ನುತ್ತಿದ್ದಳು.

ಮೊದಲ ಎರಡು ಪೂರ್ತಿ ಮಸಿ. 3, 4, 5 ಬಂದಿವೆ. 6ರಲ್ಲಿ ಏನೋ ಇದೆ, ಮಸುಕು. 7ರಲ್ಲಿ ಅಪ್ಪ ಸುತ್ತುವುದನ್ನು ಮರೆತು ಎರಡು ಸಲ ಒತ್ತಿದ್ದಾರೆ, ಒಂದರ ಮೇಲೊಂದು ಬಿದ್ದು ಗಲಿಬಿಲಿ. ಕ್ಲಿಕ್-3ಕ್ಕೆ ಅದನ್ನು ತಡೆಯುವ ವ್ಯವಸ್ಥೆ ಇಲ್ಲ. 8ರ ಮೇಲೆ ಕಿಟಕಿಯ ಬೆಳಕು ಬಿದ್ದು 8 ಎಂಬ ಅಂಕಿಯೇ ಮೂಡಿದೆ! ಶಿರಾ ರಸ್ತೆಯವರು ನೋಡಬೇಕು.

ಶಿರಾ ರಸ್ತೆ
ನೋಡಿದೆ. ಒಪ್ಪಿದೆ.

ಚಿಂತಾಮಣಿ ಸೊಸೆ
ಹಗ್ಗ ಹಿಡಿದವರು ಯಾರು, ಅದನ್ನು ಹೇಳಿ ಮೊದಲು!

ಕ್ಯಾತ್ಸಂದ್ರದವನು
ಯಾರೂ ಇಲ್ಲ. ಮೂರರಲ್ಲೂ ಎತ್ತುಗಳೇ. ಒಂದರಲ್ಲಿ ಎದುರಿನಿಂದ, ಒಂದರಲ್ಲಿ ಪಕ್ಕದಿಂದ, ಒಂದರಲ್ಲಿ ಹಿಂದಿನಿಂದ. ನಾಲ್ಕನೆಯದರ ಅಂಚಿನಲ್ಲಿ ಹಗ್ಗ ಹಿಡಿದ ಒಂದು ಪುಟ್ಟ ಕೈ, ಮೊಣಕೈವರೆಗೆ. ಅಷ್ಟೇ. ಅಂಗಿಯ ತೋಳು ಮಡಚಿದೆ, ಆದ್ದರಿಂದ ತನ್ನದು ಎಂದು ಅಣ್ಣ. ನನ್ನ ಅಂಗಿಯ ತೋಳೂ ಮಡಚಿತ್ತು ಎಂದು ನಾನು.

ಅಮ್ಮನಿಗೆ ತೋರಿಸಿದೆ. ಕೈಯ ಕಡೆ ನೋಡಲೇ ಇಲ್ಲ. "ಇದು ಅವರು ಕೊಳ್ಳಬೇಕೆಂದಿದ್ದ ಜೋಡಿ. ಬೆಲೆ ಕುದುರಲಿಲ್ಲ" ಎಂದಳು. ನಮಗೆ ಇದುವರೆಗೂ ಗೊತ್ತಿರಲಿಲ್ಲ. ಮೂರು ದಿನ ಅದೇ ಜೋಡಿಯ ಸುತ್ತ ಸುತ್ತಿದ್ದರಂತೆ.

ರೇಷ್ಮೆ ಗೂಡು
ಫೋಟೊ ನೋಡಿದೆ. ಕೊಂಬು ಹಿಂದಕ್ಕೆ ಬಾಗಿ ತುದಿ ಮೇಲೆದ್ದಿರುವುದನ್ನು ನೋಡಿದರೆ ಅಪ್ಪಟ ಹಳ್ಳಿಕಾರ್ ತಳಿ. ಹಿಂಗಾಲು ಸಹ ಚೆನ್ನಾಗಿವೆ. ಎಷ್ಟು ಹಲ್ಲಿನವು? ವಯಸ್ಸು ತಿಳಿಯುವುದು ಹಲ್ಲಿನಿಂದಲೇ ಅಲ್ಲವೇ.

ಕ್ಯಾತ್ಸಂದ್ರದವನು
ಅಯ್ಯೋ, ಆರನೆಯದು ಈಗ ಅರ್ಥವಾಯಿತು! ಮಸುಕು ಎಂದು ಬದಿಗಿಟ್ಟಿದ್ದೆವಲ್ಲ, ಅದರಲ್ಲಿರುವುದು ದಲ್ಲಾಳಿ ಎತ್ತಿನ ತುಟಿ ಎತ್ತಿ ಹಿಡಿದಿರುವುದು. ಅಪ್ಪ ಹಲ್ಲಿನ ಫೋಟೊ ತೆಗೆಯಲು ಹೋಗಿದ್ದಾರೆ.

ಹೈಪೋ ಹುಚ್ಚ
ಕ್ಲಿಕ್-3 ಹಿಡಿದು ಅಷ್ಟು ಹತ್ತಿರ ಹೋದರೆ ಇನ್ನೇನು ಬರುತ್ತದೆ. ನಾಳೆ ದೊಡ್ಡದು ಮಾಡಿ ನೋಡುತ್ತೇನೆ.

ರೇಷ್ಮೆ ಗೂಡು
ಹಲ್ಲು ಎಷ್ಟು ಕಾಣುತ್ತದೆ ಅಷ್ಟು ಹೇಳಿ ಸಾಕು.

ಕ್ಯಾತ್ಸಂದ್ರದವನು
ನನಗೆ ನಾಲ್ಕು ಕಾಣುತ್ತಿದೆ. ಅಣ್ಣ ಆರು ಎನ್ನುತ್ತಿದ್ದಾನೆ.